ಫ್ರೀಜರ್‌ಗೆ ನಲ್ಲಿ ಬಂದ ಕಥೆ

ಊರಿನ ಬೇಕರಿಯ ಬಾಗಿಲ ಪಕ್ಕದಲ್ಲಿ ನಿಂತಿರುವ ಐಸ್‌ಕ್ರೀಮ್ ಪೆಟ್ಟಿಗೆಯನ್ನು ಯಾರು ನೋಡಿಲ್ಲ? ಸೊಂಟದೆತ್ತರ, ಬಿಳಿ ಬಣ್ಣ, ಮೇಲಕ್ಕೆ ತೆರೆಯುವ ಮುಚ್ಚಳ. ಅಮೆರಿಕದ ಎಷ್ಟೋ ಮನೆಗಳಲ್ಲೂ ಇಂಥದೇ ಪೆಟ್ಟಿಗೆ ಇರುತ್ತದೆ. ಅಡುಗೆಮನೆಯಲ್ಲಲ್ಲ, ಕಾರು ನಿಲ್ಲಿಸುವ ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ. ಅವುಗಳಲ್ಲಿ ಕೆಲವಕ್ಕೆ ಬೇರೆಯದೇ ರೂಪ ಬಂದಿದೆ. ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಗೇಣಿಗೆ ತುಸು ಕಡಿಮೆ ಎತ್ತರದ ಮರದ ಚೌಕಟ್ಟು, ಆ ಮರದ ಮುಂಬದಿಯಲ್ಲಿ ಸಾಲಾಗಿ ನಾಲ್ಕು ಉಕ್ಕಿನ ನಲ್ಲಿ, ಪ್ರತಿ ನಲ್ಲಿಯ ತಲೆಯ ಮೇಲೆ ಒಂದು ಹಿಡಿ. ಹಿಡಿಯನ್ನು ಮುಂದಕ್ಕೆ ಎಳೆದರೆ ಲೋಟಕ್ಕೆ ಇಳಿಯುವುದು ಮನೆಯಲ್ಲೇ ಹುದುಗಿಸಿದ ತಣ್ಣನೆಯ ಬಿಯರ್.

ಬಿಯರ್ ತುಂಬುವ ಲೋಹದ ಪೀಪಾಯಿಗೆ ಕೆಗ್ ಎನ್ನುತ್ತಾರೆ. ಕೆಗ್ ಮತ್ತು ಫ್ರೀಜರ್ ಎರಡೂ ಪದ ಬೆಸೆದು ಈ ಪೆಟ್ಟಿಗೆಗೆ 'ಕೀಝರ್' ಎಂಬ ಹೆಸರಾಯಿತು. ಸಾಮಾನ್ಯ ಫ್ರಿಜ್ಜನ್ನು ಹೀಗೆ ಮಾರ್ಪಡಿಸಿದರೆ ಅದು 'ಕೆಗರೇಟರ್'. ನೋಡಿದವರಿಗೆ ಇದು ರಜಾದಿನದ ಕೈಗೆಲಸದಂತೆ ಕಾಣಬಹುದು. ಆದರೆ ಇದರ ಒಂದೊಂದು ಭಾಗವೂ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಕಾಲದಿಂದ, ಬೇರೆ ಯಾವುದೋ ಕೆಲಸಕ್ಕೆಂದು ಹುಟ್ಟಿ ಇಲ್ಲಿಗೆ ಬಂದು ಸೇರಿದೆ. ಪೀಪಾಯಿ ತಂಪು ಪಾನೀಯದವರದು. ಉಷ್ಣತೆಯ ನಿಯಂತ್ರಕ ಶಾಲೆಯ ಕೊಠಡಿಯದು. ತಂಪು ಮಾತ್ರ ಮೊದಲಿನಿಂದಲೂ ಬಿಯರಿನದೇ ಆಗಿತ್ತು. ಅದು ಸುತ್ತು ಹಾಕಿ ಮನೆಗೆ ಮರಳಿದ ದಾರಿ ಸ್ವಾರಸ್ಯವಾಗಿದೆ.

ದಾರಿ ಶುರುವಾಗುವುದು ಜರ್ಮನಿಯ ಬವೇರಿಯಾದಲ್ಲಿ. ಅಲ್ಲಿನ ಲಾಗರ್ ಬಿಯರಿನ ಯೀಸ್ಟಿಗೆ ಚಳಿ ಬೇಕು. ಬೇಸಿಗೆಯ ಸೆಕೆಯಲ್ಲಿ ಹುದುಗು ಕೆಟ್ಟು ಬಿಯರ್ ಹುಳಿಯಾಗುತ್ತಿತ್ತು. ಅದಕ್ಕೆ 1553ರಲ್ಲಿ ಅಲ್ಲಿನ ಆಳರಸರು ಒಂದು ಕಟ್ಟಪ್ಪಣೆ ಹೊರಡಿಸಿದರು. ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಮಾತ್ರ ಬಿಯರ್ ಮಾಡಬೇಕು, ಬೇಸಿಗೆಯಲ್ಲಿ ಕೂಡದು. ಬೇಸಿಗೆಗೆ ಬೇಕಾದ ಬಿಯರನ್ನು ಮೊದಲೇ ಮಾಡಿ ಇಟ್ಟುಕೊಳ್ಳಬೇಕಾಯಿತು. ಅದಕ್ಕಾಗಿ ಆಳವಾದ ನೆಲಮಾಳಿಗೆ ತೋಡಿದರು, ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆ ಕೊಯ್ದು ತಂದು ತುಂಬಿದರು. ಮೇಲಿನ ನೆಲ ಕಾಯದಿರಲೆಂದು ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಆ ನೆರಳಿಗೆ ಬೆಂಚು, ಮೇಜು ಬಂದವು. ಮ್ಯೂನಿಕ್ಕಿನ ಹೆಸರುವಾಸಿ ಬಿಯರ್ ತೋಟಗಳ ಮೂಲ ಅದೇ.

ಮಂಜುಗಡ್ಡೆಯನ್ನು ನಂಬಿದ ಕಸುಬು ಮಳೆಯನ್ನು ನಂಬಿದ ಬೇಸಾಯದಂತೆ. ಒಂದು ವರ್ಷ ಚಳಿ ಸರಿಯಾಗಿ ಬೀಳದಿದ್ದರೆ ಮಾಳಿಗೆ ಬರಿದು. ಮ್ಯೂನಿಕ್ಕಿನ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಫಾನ್ ಲಿಂಡೆ 1870ರ ಆಸುಪಾಸಿನಲ್ಲಿ ಯಂತ್ರದಿಂದ ತಂಪು ಮಾಡುವ ಬಗ್ಗೆ ಲೇಖನ ಬರೆದಾಗ, ಅದನ್ನು ಓದಿ ಹುಡುಕಿಕೊಂಡು ಬಂದವರು ಬಿಯರ್ ಕಾರ್ಖಾನೆಯವರು. ಸ್ಪಾಟೆನ್ ಕಾರ್ಖಾನೆಯ ಗೇಬ್ರಿಯಲ್ ಸೆಡ್ಲ್‌ಮಾಯರ್ ತಮ್ಮ ಅಂಗಳದಲ್ಲೇ ಪ್ರಯೋಗಕ್ಕೆ ಜಾಗ ಕೊಟ್ಟರು. 1873ರಲ್ಲಿ ಮೊದಲ ಯಂತ್ರ ಓಡಿತು. 1876ರ ಹೊತ್ತಿಗೆ ಅಮೋನಿಯ ಬಳಸುವ, ಹೆಚ್ಚು ನಂಬಬಹುದಾದ ಯಂತ್ರ ಸಿದ್ಧವಾಯಿತು. 1879ರಲ್ಲಿ ಲಿಂಡೆ ಮೇಷ್ಟರ ಕೆಲಸ ಬಿಟ್ಟು ಶೈತ್ಯಯಂತ್ರದ ಕಂಪನಿಯನ್ನೇ ಕಟ್ಟಿದರು. ಇಂದು ಔಷಧಿ, ಮೀನು, ಹಾಲು ಎಲ್ಲವನ್ನೂ ಕಾಯುತ್ತಿರುವ ತಂಪಿನ ತಂತ್ರಜ್ಞಾನಕ್ಕೆ ಮೊದಮೊದಲು ಹಣ, ಜಾಗ, ತಾಳ್ಮೆ ಕೊಟ್ಟವರಲ್ಲಿ ಬಿಯರ್ ಮಾಡುವವರು ಮುಂದಿದ್ದರು. ಈ ಋಣವನ್ನು ಚರಿತ್ರೆ ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಬೇಕಿತ್ತು.

ಆಮೇಲೆ ತಂಪು ಬಿಯರಿನ ಮಾಳಿಗೆ ಬಿಟ್ಟು ಹೊರನಡೆಯಿತು. ಕಸಾಯಿಖಾನೆಗೆ, ಹಡಗಿಗೆ, ಕೊನೆಗೆ ಅಡುಗೆಮನೆಗೆ. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್‌ನವರ 'ಮಾನಿಟರ್ ಟಾಪ್' ಫ್ರಿಜ್ಜು ಬಂದದ್ದು 1927ರಲ್ಲಿ. 1930ರಲ್ಲಿ ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಅವರ ಹೆಪ್ಪುಗಟ್ಟಿಸಿದ ಬಟಾಣಿ, ಮೀನು, ಮಾಂಸ ಮಾರಾಟಕ್ಕೆ ಬಂದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಂಥ ಆಹಾರವನ್ನು ತಿಂಗಳುಗಟ್ಟಲೆ ಇಡಲು ಮನೆಮನೆಗೆ ದೊಡ್ಡ ಫ್ರೀಜರ್ ಬಂತು. ರೈತರಿಗೂ ಬೇಟೆಗಾರರಿಗೂ ಮೇಲೆ ಮುಚ್ಚಳವಿರುವ ಪೆಟ್ಟಿಗೆಯೇ ಇಷ್ಟ. ಅದಕ್ಕೆ ಕಾರಣವೂ ಇದೆ. ತಣ್ಣನೆಯ ಗಾಳಿ ಭಾರ. ನಿಲುವು ಫ್ರಿಜ್ಜಿನ ಬಾಗಿಲು ತೆರೆದರೆ ಅದು ಕಾಲಬುಡಕ್ಕೆ ಸುರಿದುಹೋಗುತ್ತದೆ. ಪೆಟ್ಟಿಗೆಯ ಮುಚ್ಚಳ ತೆರೆದರೆ ಬಾವಿಯ ನೀರಿನಂತೆ ಒಳಗೇ ನಿಲ್ಲುತ್ತದೆ.

ಇಷ್ಟರಲ್ಲಿ ಆ ದೇಶದಲ್ಲಿ ಬಿಯರಿಗೆ ಒಂದು ದೊಡ್ಡ ಗಂಡಾಂತರ ಬಂದು ಹೋಗಿತ್ತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಪೆನ್ಸಿಲ್ವೇನಿಯಾದ ಯೂಂಗ್ಲಿಂಗ್ ಬಿಯರ್ ಮನೆತನ ಐಸ್‌ಕ್ರೀಮ್ ಮಾಡಿ ಉಳಿದುಕೊಂಡಿತು. ಬೇರೆ ಕಾರ್ಖಾನೆಗಳು ಡಬ್ಬಿಯಲ್ಲಿ ಮಾಲ್ಟ್ ಪಾಕ ಮಾರಿದವು. ಆ ಪಾಕ ಅಡುಗೆಗೆ ಎಂದು ಮಾರಾಟವಾಗುತ್ತಿತ್ತು, ಆದರೆ ಬಹಳಷ್ಟು ಮನೆಗಳ ನೆಲಮಾಳಿಗೆಯಲ್ಲಿ ಅದು ಬಿಯರ್ ಆಗುತ್ತಿತ್ತು. ನಿಷೇಧ ತೆಗೆದ ಮೇಲೆ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಕಾನೂನು ದಾರಿ ಬಿಟ್ಟಿತು. ಬಿಯರಿಗೆ ಬಿಡಲಿಲ್ಲ. ದ್ರಾಕ್ಷಿ ಹುದುಗಿಸಿದವನು ಗೃಹಸ್ಥ, ಬಾರ್ಲಿ ಹುದುಗಿಸಿದವನು ಅಪರಾಧಿ ಎಂಬ ಈ ಸ್ಥಿತಿ 45 ವರ್ಷ ನಡೆಯಿತು.

ಆ ಹೊತ್ತಿಗೆ ಅಲ್ಲಿನ ಮಾರುಕಟ್ಟೆ ಕೆಲವೇ ದೊಡ್ಡ ಕಂಪನಿಗಳ ಕೈ ಸೇರಿತ್ತು. ಯಾವ ಸೀಸೆ ತೆರೆದರೂ ಹೆಚ್ಚುಕಡಿಮೆ ಒಂದೇ ಬಗೆಯ ತೆಳು ಬಿಯರ್. ಅಮೆರಿಕದ ನೌಕಾಪಡೆಯಲ್ಲಿದ್ದು ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡಿದ್ದ ಜ್ಯಾಕ್ ಮೆಕಾಲಿಫ್‌ಗೆ ಅಲ್ಲಿನ ದಟ್ಟ ಬಿಯರುಗಳ ರುಚಿ ಹತ್ತಿತ್ತು. ಊರಿಗೆ ಮರಳಿದ ಮೇಲೆ ಅದು ಸಿಗಲಿಲ್ಲ. 1976ರಲ್ಲಿ ಅವರು ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಕಾರ್ಖಾನೆ ಕಟ್ಟಿದರು. ಉಪಕರಣಕ್ಕೆ ದುಡ್ಡಿಲ್ಲ. ಹಳೆಯ ಹಾಲಿನ ಡೇರಿಯ ಪಾತ್ರೆಗಳನ್ನೂ ಕೋಕಾಕೋಲಾ ಪಾಕದ ಡ್ರಮ್ಮುಗಳನ್ನೂ ಕೊಂಡು ತಂದು ತಾವೇ ಬೆಸುಗೆ ಹಾಕಿದರು. ಆ ಕಾರ್ಖಾನೆ 1982ರಲ್ಲಿ ಮುಚ್ಚಿತು. ಆದರೆ ತಂಪು ಪಾನೀಯದವರ ಪಾತ್ರೆಗೆ ಬಿಯರ್ ತುಂಬುವ ಆ ರೂಢಿ ಮುಂದೆ ಸಾವಿರಾರು ಗ್ಯಾರೇಜುಗಳಿಗೆ ಹಬ್ಬಿತು.

ಕಾನೂನಿಗೆ ಕಾಯದೆ ಮನೆಯಲ್ಲಿ ಬಿಯರ್ ಮಾಡುವವರ ಗುಂಪುಗಳು ಆಗಲೇ ಹುಟ್ಟಿದ್ದವು. ಲಾಸ್ ಏಂಜಲಿಸ್‌ನ 'ಮಾಲ್ಟೋಸ್ ಫಾಲ್ಕನ್ಸ್' ಸಂಘ ಶುರುವಾದದ್ದು 1974ರಲ್ಲಿ. ಕೊಲರಾಡೋದ ಬೋಲ್ಡರ್‌ನಲ್ಲಿ ಚಾರ್ಲಿ ಪಪೇಜಿಯನ್ ಎಂಬ ತರುಣ, ಓದಿದ್ದು ಪರಮಾಣು ಎಂಜಿನಿಯರಿಂಗ್, ಸಂಜೆ ತರಗತಿ ಇಟ್ಟು ಬಿಯರ್ ಮಾಡುವುದನ್ನು ಕಲಿಸುತ್ತಿದ್ದರು. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದರು. ಸೆನೆಟರ್ ಅಲನ್ ಕ್ರ್ಯಾನ್‌ಸ್ಟನ್ ಸೇರಿಸಿದ್ದ ತಿದ್ದುಪಡಿ ಅದರೊಳಗಿತ್ತು. ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್, ಬಿಯರನ್ನು ತೆರಿಗೆಯಿಲ್ಲದೆ ಮನೆಯಲ್ಲಿ ಮಾಡಬಹುದು. ಇಬ್ಬರೋ ಹೆಚ್ಚೋ ವಯಸ್ಕರಿರುವ ಮನೆಗೆ 200 ಗ್ಯಾಲನ್. ಮಾರುವಂತಿಲ್ಲ. ಮರುವರ್ಷದ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಅದೇ 1978ರ ಡಿಸೆಂಬರಿನಲ್ಲಿ ಪಪೇಜಿಯನ್ ಮತ್ತು ಗೆಳೆಯ ಚಾರ್ಲಿ ಮ್ಯಾಟ್ಜನ್ ಅಮೆರಿಕದ ಮನೆ ಬಿಯರ್ ತಯಾರಕರ ಸಂಘವನ್ನು ಕಟ್ಟಿದರು. ರಾಜ್ಯಗಳು ಮಾತ್ರ ಒಂದೊಂದಾಗಿ, ತಡವಾಗಿ ಒಪ್ಪಿದವು. ಕೊನೆಯ ಎರಡು, ಅಲಬಾಮಾ ಮತ್ತು ಮಿಸಿಸಿಪ್ಪಿ, ಒಪ್ಪಿದ್ದು 2013ರಲ್ಲಿ. ಅದಕ್ಕೆ ಹಿಂದಿನ ವರ್ಷವೇ ಒಬಾಮಾ ಕಾಲದ ಶ್ವೇತಭವನ, ತನ್ನ ತೋಟದ ಜೇನು ಬೆರೆಸಿ ಅಡುಗೆಮನೆಯಲ್ಲಿ ಮಾಡಿದ ಬಿಯರಿನ ವಿಧಾನವನ್ನು ಪ್ರಕಟಿಸಿತ್ತು.

ಅನುಮತಿ ಸಿಕ್ಕಿತು. ಇನ್ನು ಉಳಿದದ್ದು ಸೀಸೆಗಳ ಕಾಟ.

ಮನೆಯಲ್ಲಿ ಒಂದು ಸಲ ಮಾಡುವ ಬಿಯರ್ ಸಾಮಾನ್ಯವಾಗಿ 5 ಗ್ಯಾಲನ್, 19 ಲೀಟರಿಗೆ ಹತ್ತಿರ. ಅದನ್ನು ಸೀಸೆಗೆ ತುಂಬಿದರೆ ಐವತ್ತು ಸೀಸೆ. ಪ್ರತಿಯೊಂದನ್ನೂ ತೊಳೆಯಬೇಕು, ಕ್ರಿಮಿ ಉಳಿಯದಂತೆ ಮಾಡಬೇಕು, ಗುಳ್ಳೆ ಹುಟ್ಟಲೆಂದು ಅಳತೆಯ ಸಕ್ಕರೆ ಹಾಕಬೇಕು, ಬಿರಡೆ ಒತ್ತಬೇಕು, ಎರಡು ವಾರ ಕಾಯಬೇಕು. ಸಕ್ಕರೆ ಹೆಚ್ಚಾದರೆ ಸೀಸೆ ಸಿಡಿಯುತ್ತದೆ. ಇದಕ್ಕೆ ಪರಿಹಾರ ಬಂದದ್ದು ಬಿಯರಿನ ಲೋಕದಿಂದಲ್ಲ.

ಮಿನೆಸೋಟಾ ರಾಜ್ಯದಲ್ಲಿ ರಿಚರ್ಡ್ ಕಾರ್ನೀಲಿಯಸ್ 1931ರಲ್ಲಿ ಸ್ಥಾಪಿಸಿದ ಕಂಪನಿ ಮುಂದೆ ತಂಪು ಪಾನೀಯದ ಅಂಗಡಿಗಳಿಗೆ ಉಕ್ಕಿನ ಉದ್ದನೆಯ ಪೀಪಾಯಿಗಳನ್ನು ಮಾಡಿಕೊಟ್ಟಿತು. ಹೋಟೆಲು, ಸಿನಿಮಾ ಮಂದಿರಗಳಲ್ಲಿ ಕೋಲಾದ ಪಾಕ ಇದರಲ್ಲೇ ಬರುತ್ತಿತ್ತು. ಪೆಪ್ಸಿಯವರ ಪೀಪಾಯಿಗೆ ಒಂದು ಬಗೆಯ ಮೂತಿ, ಕೋಕ್‌ನವರದಕ್ಕೆ ಇನ್ನೊಂದು. ಈ ಕಂಪನಿಯ ಕೊಳವೆ ಆ ಕಂಪನಿಯ ಪೀಪಾಯಿಗೆ ಕೂರುವುದಿಲ್ಲ. 1980ರ ದಶಕದಲ್ಲಿ ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲ ಬಂತು. 1955ರಲ್ಲಿ ವಿಲಿಯಂ ಶೋಲ್ ಬ್ಯಾಟರಿ ಆಮ್ಲ ಸಾಗಿಸಲೆಂದು ರೂಪಿಸಿದ್ದ ಚೀಲ ಅದು. ಹಗುರ, ಅಗ್ಗ, ಖಾಲಿಯಾದ ಮೇಲೆ ಹೊತ್ತು ತರಬೇಕಾಗಿಲ್ಲ. ಉಕ್ಕಿನ ಪೀಪಾಯಿಗಳು ಗೋದಾಮಿನ ಮೂಲೆ ಸೇರಿದವು, ಗುಜರಿ ಬೆಲೆಗೆ ಹೊರಬಿದ್ದವು. ಮನೆ ಬಿಯರ್ ಮಾಡುವವರು ಅವನ್ನು ಬಾಚಿಕೊಂಡರು. ಒಂದು ಪೀಪಾಯಿ ತೊಳೆದರೆ ಐವತ್ತು ಸೀಸೆ ತೊಳೆದಂತೆ. ಅಗಲ ಬಾಯಿಯ ಮುಚ್ಚಳ ತೆಗೆದರೆ ಒಳಗೆ ಕೈ ಹೋಗುತ್ತದೆ.

ಒಂದೇ ತೊಡಕು, ವಾಸನೆ. ಅಮೆರಿಕದಲ್ಲಿ ರೂಟ್ ಬಿಯರ್ ಎಂಬ ಮದ್ಯವಿಲ್ಲದ ಸಿಹಿ ಪಾನೀಯವಿದೆ, ಬೇರುಗಳ ಘಾಟು ಅದರದು. ಅದು ತುಂಬಿದ್ದ ಪೀಪಾಯಿಯ ಉಕ್ಕು ತೊಳೆದರೆ ಶುದ್ಧವಾಗುತ್ತದೆ, ಆದರೆ ಮುಚ್ಚಳದ ಅಂಚಿನ ರಬ್ಬರ್ ಬಳೆ ಆ ಘಾಟನ್ನು ಬಿಡುವುದಿಲ್ಲ. ಹೊಸ ಬಿಯರ್ ತುಂಬಿದರೆ ವಾರದೊಳಗೆ ಅದಕ್ಕೂ ಅದೇ ಪರಿಮಳ. ಹಾಗಾಗಿ ಹಳೆಯ ಪೀಪಾಯಿ ಕೊಂಡವರು ಮೊದಲು ಮಾಡುವ ಕೆಲಸ ರಬ್ಬರ್ ಬಳೆಗಳನ್ನೆಲ್ಲ ಕಿತ್ತು ಹೊಸತು ಹಾಕುವುದು. ದೊಡ್ಡದು ಒಂದು ಮುಚ್ಚಳಕ್ಕೆ. ಚಿಕ್ಕವು ಗ್ಯಾಸು ಹೋಗುವ, ಬಿಯರ್ ಬರುವ ಮೂತಿಗಳಿಗೆ ಮತ್ತು ಒಳಗಿನ ಕೊಳವೆಗಳಿಗೆ.

ಪೀಪಾಯಿಗೆ ಬಿಯರ್ ತುಂಬಿದ ಮೇಲೆ ಅದಕ್ಕೆ ಗುಳ್ಳೆ ಬರಬೇಕಲ್ಲ. ಇಲ್ಲಿ ಕಥೆ ಇನ್ನೂ ಹಿಂದಕ್ಕೆ, ಇಂಗ್ಲೆಂಡಿನ ಲೀಡ್ಸ್‌ಗೆ ಹೋಗುತ್ತದೆ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅಲ್ಲೊಂದು ಬಿಯರ್ ಕಾರ್ಖಾನೆಯ ಪಕ್ಕದ ಮನೆಯಲ್ಲಿದ್ದರು. ಹುದುಗುವ ತೊಟ್ಟಿಯ ಮೇಲೆ ತೇಲುವ ಗಾಳಿಗೆ ನೀರಿನ ಪಾತ್ರೆ ಹಿಡಿದು, ಆ ಗಾಳಿ ನೀರಿನಲ್ಲಿ ಕರಗಿ ಹಿತವಾದ ಚುರುಕು ರುಚಿ ಕೊಡುವುದನ್ನು ಕಂಡರು. ಜಗತ್ತಿನ ಸೋಡಾಕ್ಕೆಲ್ಲ ಮೂಲ ಅದು. 1803ರಲ್ಲಿ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ಅದರ ನಿಯಮ ಹೇಳಿದರು: ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಹೆಚ್ಚು ಅನಿಲ ಕರಗುತ್ತದೆ. ದ್ರವ ತಣ್ಣಗಿದ್ದಷ್ಟೂ ಅದು ಅನಿಲವನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ಕೀಝರಿನ ಇಡೀ ಗುಟ್ಟು ಇಷ್ಟೇ. 3 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚದರ ಇಂಚಿಗೆ 12 ಪೌಂಡ್ ಒತ್ತಡದ ಇಂಗಾಲದ ಡೈಆಕ್ಸೈಡಿಗೆ ಪೀಪಾಯಿಯನ್ನು ಜೋಡಿಸಿ ಬಿಟ್ಟರೆ ಒಂದೆರಡು ವಾರದಲ್ಲಿ ಬಿಯರ್ ತಾನಾಗಿ ಹದಕ್ಕೆ ಬರುತ್ತದೆ.

ಅಷ್ಟು ಕಾಯಲಾಗದವರು ಒತ್ತಡ ಏರಿಸಿ ಪೀಪಾಯಿಯನ್ನು ನೆಲದ ಮೇಲೆ ಹಿಂದೆ ಮುಂದೆ ಉರುಳಿಸುತ್ತಾರೆ. ಕನ್ನಡ ನಾಡಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಸಂತೆ ಬೀದಿಯ ಗೋಲಿ ಸೋಡಾದವರು ಸೀಸೆಗಳನ್ನು ಯಂತ್ರದ ತೊಟ್ಟಿಲಿಗೆ ಕೂರಿಸಿ, ಗ್ಯಾಸು ಬಿಟ್ಟು, ಹಿಡಿ ಹಿಡಿದು ಗರಗರ ತಿರುಗಿಸುತ್ತಿದ್ದುದು ಇದೇ ಕಾರಣಕ್ಕೆ. ನೀರು ಕುಲುಕಿದಷ್ಟೂ ಅನಿಲ ಬೇಗ ಕರಗುತ್ತದೆ. ಆ ಸೀಸೆಯ ಗೋಲಿಯೂ ಇಂಗ್ಲೆಂಡಿನದೇ, ಹೈರಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದದ್ದು.

ಈಗ ಪೆಟ್ಟಿಗೆಗೆ ಬರೋಣ. ಫ್ರೀಜರಿನ ಗೋಡೆಗೇ ತೂತು ಕೊರೆದು ನಲ್ಲಿ ಕೂರಿಸಬಾರದೇಕೆ? ಗೋಡೆಯ ತಗಡಿನ ಹಿಂದೆ ತಂಪಿನ ಕೊಳವೆ ಹಾವಿನಂತೆ ಸುತ್ತಿಕೊಂಡಿದೆ, ಹೊರಗಿನಿಂದ ಕಾಣದು. ಡ್ರಿಲ್ಲಿನ ಮೊನೆ ಒಮ್ಮೆ ತಗುಲಿದರೆ ಪೆಟ್ಟಿಗೆ ಸತ್ತಂತೆ; ಈಚಿನ ಎಷ್ಟೋ ಪೆಟ್ಟಿಗೆಗಳಲ್ಲಿ ಒಳಗಿರುವ ಅನಿಲ ಬೆಂಕಿ ಹೊತ್ತುವಂಥದ್ದು, ಜೀವಕ್ಕೂ ಅಪಾಯ. ಈ ಭಯದಿಂದ ಹುಟ್ಟಿದ ಜಾಣತನವೇ ಮರದ ಚೌಕಟ್ಟು. ನಾಲ್ಕು ಹಲಗೆ ಜೋಡಿಸಿ ಪೆಟ್ಟಿಗೆಯ ಬಾಯಿಗೆ ಕೂರಿಸಿದರೆ ಎಷ್ಟು ಬೇಕಾದರೂ ತೂತು ಕೊರೆಯಬಹುದು. ಜೊತೆಗೆ ಎತ್ತರವೂ ಸಿಗುತ್ತದೆ, ಪೀಪಾಯಿಯ ತಲೆಯ ಕೊಳವೆಗಳು ಮುಚ್ಚಳಕ್ಕೆ ತಾಗುವುದಿಲ್ಲ. ಹಲಗೆಯ ಒಳಮೈಗೆ ಥರ್ಮೋಕೋಲಿನಂಥ ಹಾಳೆ, ಸಂದಿಗೆ ಸಿಲಿಕೋನ್ ಅಂಟು. 7 ಘನ ಅಡಿಯ ಸಣ್ಣ ಪೆಟ್ಟಿಗೆಯಲ್ಲಿ ನಾಲ್ಕು ಪೀಪಾಯಿ ಹಿಡಿಸುತ್ತದೆ. ಕಂಪ್ರೆಸರ್ ಇರುವ ಕಡೆ ಒಳಗೆ ಮೆಟ್ಟಿಲಿನಂತೆ ಉಬ್ಬಿರುವ ಜಾಗದ ಮೇಲೆ ಗ್ಯಾಸ್ ಸಿಲಿಂಡರ್ ಕೂರುತ್ತದೆ. ಖಾಲಿಯಾದ ಸಿಲಿಂಡರನ್ನು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲೋ ಬೆಂಕಿ ಆರಿಸುವ ಉಪಕರಣದವರಲ್ಲೋ ತುಂಬಿಸುತ್ತಾರೆ.

ಇನ್ನು ಉಷ್ಣತೆ. ಫ್ರೀಜರಿನ ಸ್ವಭಾವ ಸೊನ್ನೆಗೂ 18 ಡಿಗ್ರಿ ಕೆಳಗಿಳಿಯುವುದು. ಹಾಗೇ ಬಿಟ್ಟರೆ ಬಿಯರ್ ಕಲ್ಲಾಗುತ್ತದೆ. ಅದಕ್ಕೆ ಹೊರಗಿನಿಂದ ಒಂದು ನಿಯಂತ್ರಕ ಬೇಕು. ಫ್ರೀಜರಿನ ಪ್ಲಗ್ಗನ್ನು ಅದಕ್ಕೆ ಚುಚ್ಚಿದರೆ, ಹೇಳಿದ ಉಷ್ಣತೆ ಬಂದೊಡನೆ ಕರೆಂಟು ಕಡಿಯುತ್ತದೆ, ಏರಿದಾಗ ಮತ್ತೆ ಕೊಡುತ್ತದೆ. ಒಂದು ತಂತಿಯನ್ನೂ ಕತ್ತರಿಸಬೇಕಾಗಿಲ್ಲ. ಮನೆ ಬಿಯರಿನವರು ವರ್ಷಗಟ್ಟಲೆ ನೆಚ್ಚಿಕೊಂಡಿದ್ದು ಜಾನ್ಸನ್ ಕಂಟ್ರೋಲ್ಸ್ ಕಂಪನಿಯ ನಿಯಂತ್ರಕವನ್ನು. ಆ ಕಂಪನಿಯ ಮೂಲಪುರುಷ ವಾರನ್ ಜಾನ್ಸನ್ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೇಷ್ಟರು. ಕೊಠಡಿಗಳ ಸೆಕೆ ಚಳಿ ನೋಡಲು ಜವಾನ ಪಾಠದ ನಡುವೆ ಮತ್ತೆ ಮತ್ತೆ ಒಳಗೆ ಬರಬೇಕಾಗುತ್ತಿತ್ತು. ಅದನ್ನು ತಪ್ಪಿಸಲು ಅವರು ವಿದ್ಯುತ್ ಥರ್ಮೋಸ್ಟಾಟ್ ರೂಪಿಸಿ 1883ರಲ್ಲಿ ಹಕ್ಕುಪತ್ರ ಪಡೆದರು. ಎರಡು ವರ್ಷದ ಮೇಲೆ ಕಂಪನಿ ಶುರುವಾದ ಊರು ಮಿಲ್ವಾಕೀ, ಅಮೆರಿಕದ ಬಿಯರ್ ರಾಜಧಾನಿ ಎನ್ನಿಸಿಕೊಂಡ ಊರು.

ಉಷ್ಣತೆ ಅಳೆಯುವ ತಂತಿಯ ತುದಿಯನ್ನು ಗಾಳಿಯಲ್ಲಿ ನೇತುಬಿಟ್ಟರೆ, ಮುಚ್ಚಳ ತೆರೆದಾಗಲೆಲ್ಲ ಯಂತ್ರ ಗಾಬರಿಬಿದ್ದಂತೆ ಶುರುವಾಗಿ ನಿಂತು ಬೇಗ ಸವೆಯುತ್ತದೆ. ಬಲ್ಲವರು ತುದಿಯನ್ನು ನೀರು ತುಂಬಿದ ಸೀಸೆಯಲ್ಲಿ ಮುಳುಗಿಸುತ್ತಾರೆ, ಇಲ್ಲವೇ ಪೀಪಾಯಿಯ ಮೈಗೇ ಅಂಟಿಸುತ್ತಾರೆ. ಪೆಟ್ಟಿಗೆಯ ತಳ ಕೊರೆಯುವಷ್ಟು ತಣ್ಣಗಿದ್ದರೂ ಮೇಲಿನ ಚೌಕಟ್ಟಿನ ಹತ್ತಿರ ಬೆಚ್ಚಗಿರುತ್ತದೆ. ನಲ್ಲಿಯಲ್ಲಿ ನಿಂತ ಬಿಯರ್ ಅಲ್ಲಿ ಬಿಸಿಯೇರಿ ಮೊದಲ ಲೋಟ ಬರೀ ನೊರೆ. ಕಂಪ್ಯೂಟರಿನಿಂದ ತೆಗೆದ ಒಂದು ಪುಟ್ಟ ಫ್ಯಾನು ಒಳಗಿಟ್ಟರೆ ಗಾಳಿ ಮೇಲೆ ಕೆಳಗೆ ಬೆರೆತು ಆ ತೊಂದರೆ ತಗ್ಗುತ್ತದೆ. ನಲ್ಲಿಗೆ ಹೋಗುವ ತೆಳು ಕೊಳವೆಯನ್ನು 3 ಮೀಟರಿನಷ್ಟು ಉದ್ದ ಬಿಟ್ಟು ಸುರುಳಿ ಸುತ್ತಿಡುವುದೂ ನೊರೆ ತಡೆಯಲೆಂದೇ. ದಾರಿ ಉದ್ದವಾದಷ್ಟೂ ಒತ್ತಡ ಸವೆದು ಬಿಯರ್ ಮೆಲ್ಲಗೆ ಇಳಿಯುತ್ತದೆ.

ಎಚ್ಚರವೂ ಬೇಕು. ಎಲ್ಲೋ ಒಂದು ಕಡೆ ಗ್ಯಾಸು ಸೋರಿದರೆ ರಾತ್ರಿ ಕಳೆಯುವುದರೊಳಗೆ ಸಿಲಿಂಡರ್ ಖಾಲಿ. ಆ ಅನಿಲ ಗಾಳಿಗಿಂತ ಭಾರ, ಪೆಟ್ಟಿಗೆಯ ತಳದಲ್ಲೇ ನಿಲ್ಲುತ್ತದೆ. ಒಳಗೆ ತಲೆ ಬಗ್ಗಿಸುವವರಿಗೆ ಉಸಿರು ಕಟ್ಟಬಹುದು. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಈ ಕೆಲಸದ ಮೊದಲ ಪಾಠ.

ಬೆಂಗಳೂರಿಗೆ ಬಿಯರಿನ ನಂಟು ಹಳೆಯದು. ದಕ್ಷಿಣ ಭಾರತದ ಕಾರ್ಖಾನೆಗಳನ್ನು ಒಂದುಗೂಡಿಸಿ ಥಾಮಸ್ ಲೀಶ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ವಿಠಲ್ ಮಲ್ಯ ರಸ್ತೆಯಲ್ಲಿ ಇಂದು ಯುಬಿ ಸಿಟಿ ಇರುವ ಜಾಗದಲ್ಲಿ ಹಿಂದೆ ಬಿಯರ್ ಕಾರ್ಖಾನೆಯಿತ್ತು. 2010ರ ನಂತರ ಇಂದಿರಾನಗರ, ಕೋರಮಂಗಲಗಳಲ್ಲಿ ಅಲ್ಲೇ ಬಿಯರ್ ಮಾಡಿ ನಲ್ಲಿಯಿಂದ ಹಿಡಿದು ಕೊಡುವ ಕಿರು ಕಾರ್ಖಾನೆಗಳು ಹೆಚ್ಚಿದವು. ಮನೆಯ ಗ್ಯಾರೇಜಿನ ಕೀಝರ್ ಮಾತ್ರ ಇಲ್ಲಿ ಬೇರೂರುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಮದ್ಯ ತಯಾರಿಕೆಗೆ ಪರವಾನಗಿ ಬೇಕು, ಮನೆಯ ಹವ್ಯಾಸಿಗೆ ಅಮೆರಿಕದ 1978ರ ಕಾನೂನಿನಂಥ ವಿನಾಯಿತಿ ಇಲ್ಲ. ಹಾಗಾಗಿ ಈ ಹವ್ಯಾಸ ಹಿಡಿದ ಕನ್ನಡಿಗರು ಅದನ್ನು ಕಾನೂನು ಒಪ್ಪುವ ಹೊರದೇಶದಲ್ಲಿದ್ದಾಗಲೇ ನಡೆಸಬೇಕು.

ಅಲ್ಲಿ ಈಗಲೂ ಒಂದು ವಾದ ನಡೆದೇ ಇದೆ: ಚೌಕಟ್ಟನ್ನು ಪೆಟ್ಟಿಗೆಗೆ ಅಂಟಿಸಬೇಕೋ, ಮುಚ್ಚಳಕ್ಕೆ ಬಿಗಿಯಬೇಕೋ? ತುಂಬಿದ ಪೀಪಾಯಿಯ ತೂಕ 23 ಕಿಲೋ ಮೀರುತ್ತದೆ. ಚೌಕಟ್ಟು ಪೆಟ್ಟಿಗೆಗೆ ಅಂಟಿದ್ದರೆ ಅದನ್ನು ಗೇಣೆತ್ತರ ಹೆಚ್ಚಿಗೆ ಎತ್ತಿ ಇಳಿಸಬೇಕು, ಸೊಂಟಕ್ಕೆ ಪೆಟ್ಟು. ಮುಚ್ಚಳಕ್ಕೆ ಬಿಗಿದರೆ ಮುಚ್ಚಳದೊಡನೆ ನಲ್ಲಿ, ಕೊಳವೆ ಎಲ್ಲವೂ ಮೇಲೇಳುತ್ತವೆ, ಪೀಪಾಯಿ ಸಲೀಸಾಗಿ ಒಳಗಿಳಿಯುತ್ತದೆ. ಆದರೆ ಹಿಂದಿನ ಕೀಲುಗಳಿಗೆ ಭಾರ. ವಯಸ್ಸಾದವರು ಎರಡನೆಯದನ್ನೇ ಆರಿಸಿಕೊಳ್ಳುವುದು ಸಹಜ. ಹಾಗೆ ಮಾಡಿದವರ ಪೆಟ್ಟಿಗೆಯ ಮೈಗೆ ಒಂದು ತೂತೂ ಬಿದ್ದಿರುವುದಿಲ್ಲ, ಅಂಟಿನ ಕಲೆಯೂ ಇರುವುದಿಲ್ಲ. ನವೆಂಬರಿನಲ್ಲಿ ಜಿಂಕೆ ಬೇಟೆಯ ಕಾಲ ಬಂದು ಮನೆಗೆ ಮಾಂಸ ಬಂತೆಂದರೆ, ಹಲಗೆಯ ತಿರುಪು ಕಳಚಿ, ಮುಚ್ಚಳವನ್ನು ಹಳೆಯ ಜಾಗಕ್ಕೆ ಕೂರಿಸಿ, ಪ್ಲಗ್ಗನ್ನು ನೇರವಾಗಿ ಗೋಡೆಗೆ ಚುಚ್ಚುತ್ತಾರೆ. ರಾತ್ರಿ ಕಳೆಯುವುದರೊಳಗೆ ಒಳಗೋಡೆಯ ಮೇಲೆ ಹಿಮದ ಪದರ ಕಟ್ಟಿರುತ್ತದೆ.